ಹಳೆಯ ಎಕ್ಸ್‌ಪಿ ಕಂಪ್ಯೂಟರಿಗೆ 1 ಟಿಬಿ ಹಾರ್ಡ್ ಡಿಸ್ಕ್ ಸೇರಿಸಿದ್ದು

ನಮ್ಮ ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಇರುವುದು ಇಂಟೆಲ್ 945 ಚಿಪ್‌ಸೆಟ್ ಬೋರ್ಡ್, 80 ಜಿಬಿಯ ಐಡಿಇ (ಅಗಲ ಪಟ್ಟಿ ಕೇಬಲ್‌ನ ಹಳೆಯ ಪದ್ಧತಿ) ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಇಂಟರ್ನೆಟ್‌ಗೆ ಅದನ್ನು ಸೇರಿಸುವುದಿಲ್ಲ. ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ, ಯುನಿಕೋಡ್‌ಗೆ ಮುಂಚಿನ ನುಡಿ ಫಾಂಟುಗಳಲ್ಲಿ ಮಾಡಿದ ಲಗ್ನಪತ್ರಿಕೆ, ಕರಪತ್ರ, ರಸೀದಿ ಪುಸ್ತಕ ಎಲ್ಲ ಅದರಲ್ಲೇ ಇವೆ. “ಅಣ್ಣಾ, ಹೋದ ವರ್ಷದ್ದೇ ಇರ್ಲಿ, ತಾರೀಖು ಮಾತ್ರ ಬದಲಿಸಿಕೊಡಿ” ಅಂತ ಜಾತ್ರೆ ಸಮಿತಿಯವರು ಬಂದು ನಿಂತಾಗ ಆ ಫೈಲ್ ತೆರೆಯಲೇಬೇಕು, ಅಲ್ವಾ? ಹಾಗಾಗಿ ಡಿಸ್ಕ್ ತುಂಬಿ ಬಂದಾಗ ಕಂಪ್ಯೂಟರ್ ಬದಲಿಸುವ ಯೋಚನೆ ಮಾಡಲಿಲ್ಲ. ಹೊಸ ಡಿಸ್ಕ್ ಸೇರಿಸಿದೆ.

ಕೊಳ್ಳುವ ಮೊದಲು ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಬೋರ್ಡ್ ಮೇಲೆ ಸಾಟಾ ಪೋರ್ಟ್‌ಗಳು (ಹೊಸ ಬಗೆಯ ಡಿಸ್ಕುಗಳನ್ನು ಜೋಡಿಸುವ ಜಾಗ) ಖಾಲಿ ಇದ್ದವು. ಅವು 3 ಜಿಬಿಪಿಎಸ್‌ನವು, ಹೊಸ ಡಿಸ್ಕ್ 6 ಜಿಬಿಪಿಎಸ್‌ನದು. ಇದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡೂ ಹೊಂದಿಕೊಳ್ಳುತ್ತವೆ, ತಿರುಗುವ ಡಿಸ್ಕ್ ಅಷ್ಟು ವೇಗಕ್ಕೆ ಹೋಗುವುದೂ ಇಲ್ಲ. 2 ಟಿಬಿಗಿಂತ ದೊಡ್ಡದು ಮಾತ್ರ ಬೇಡ. ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡುವ ಹಳೆಯ ಎಂಬಿಆರ್ ಪದ್ಧತಿಯ ಮಿತಿ ಅಷ್ಟೇ, ಅದಕ್ಕೂ ದೊಡ್ಡದಕ್ಕೆ ಬೇಕಾದ ಹೊಸ ಪದ್ಧತಿ ಜಿಪಿಟಿಯನ್ನು 32 ಬಿಟ್ ಎಕ್ಸ್‌ಪಿ ಓದುವುದಿಲ್ಲ. ಸರ್ವಿಸ್ ಪ್ಯಾಕ್ 1 ಕೂಡ ಇಲ್ಲದ ಎಕ್ಸ್‌ಪಿ ಆದರೆ 137 ಜಿಬಿಗೇ ನಿಂತುಬಿಡುತ್ತದೆ. ನಮ್ಮದರಲ್ಲಿ ಸರ್ವಿಸ್ ಪ್ಯಾಕ್ 3 ಇತ್ತು.

ನಮ್ಮ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಸಾಟಾ ಪವರ್ ಕನೆಕ್ಟರ್ ಇರಲಿಲ್ಲ, ಹಳೆಯ ನಾಲ್ಕು ಪಿನ್ನಿನವು ಮಾತ್ರ ಇದ್ದವು. ಪರಿವರ್ತಿಸುವ ಕೇಬಲ್ ಅಗ್ಗಕ್ಕೇ ಸಿಗುತ್ತದೆ. ಆದರೆ ನೋಡಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಕರಗಿಸಿ ವೈರುಗಳ ಮೇಲೆ ಎರಕ ಹೊಯ್ದ ಮಾದರಿ ಒಂದಿದೆ. ಅದರೊಳಗೆ ವೈರುಗಳು ಒಂದಕ್ಕೊಂದು ತಗುಲಿ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳು ಜಾಸ್ತಿ. ಪ್ರತಿ ವೈರನ್ನೂ ಬೇರೆ ಬೇರೆಯಾಗಿ ಒತ್ತಿ ಕೂರಿಸಿದ ಮಾದರಿಯನ್ನೇ ಕೇಳಿ ತಂದೆ.

ಜೋಡಿಸುವುದು ಸುಲಭದ ಕೆಲಸ. ಪ್ಲಗ್ ಕಿತ್ತು, ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲಿ ಅಂತ ಕ್ಯಾಬಿನೆಟ್‌ನ ತಗಡು ಮುಟ್ಟಿ, ಡಿಸ್ಕ್ ಕೂರಿಸಿ ಎರಡೂ ಬದಿ ಸ್ಕ್ರೂ ಹಾಕಿದೆ. ಹಾರ್ಡ್ ಡಿಸ್ಕಿಗೆ ದಪ್ಪ ಮರೆಯ (ಥ್ರೆಡ್ಡಿನ) ಸ್ಕ್ರೂ, ಸಿಡಿ ಡ್ರೈವ್‌ಗೆ ಸಣ್ಣ ಮರೆಯದು. ಡಬ್ಬಿಯಲ್ಲಿ ಎರಡೂ ಕಲೆತಿದ್ದರೆ ಮೊದಲು ಬೆರಳಲ್ಲೇ ತಿರುಗಿಸಿ ನೋಡಿ. ಕ್ಯಾಬಿನೆಟ್ ಹೇಗೂ ಬಿಚ್ಚಿದ್ದೆ, 2032 ನಂಬರಿನ ಬಟನ್ ಸೆಲ್ಲನ್ನೂ ಬದಲಿಸಿದೆ. ಅದು ಸತ್ತರೆ ಬಯಾಸ್‌ನ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗ್ ಎಲ್ಲ ಮರೆತುಹೋಗುತ್ತದೆ. ಬಯಾಸ್‌ನಲ್ಲಿ ಬೂಟ್ ಸಾಲಿನ ಮೊದಲಿಗೆ ಹಳೆಯ ಡಿಸ್ಕನ್ನೇ ಇಟ್ಟೆ. ನಿಮ್ಮ ಬೋರ್ಡ್‌ನಲ್ಲಿ ಎಎಚ್‌ಸಿಐ (ಸಾಟಾ ಡಿಸ್ಕ್ ನಡೆಸುವ ಹೊಸ ವಿಧಾನ) ಆಯ್ಕೆ ಇದ್ದರೆ ಅದನ್ನು ಮುಟ್ಟಬೇಡಿ. ಎಕ್ಸ್‌ಪಿಯಲ್ಲಿ ಅದರ ಡ್ರೈವರ್ ಇಲ್ಲ, ನೀಲಿ ಪರದೆ ಬರುವ ಸಂಭವ ಇದೆ.

ನಿಜವಾದ ಕೆಲಸ ಇರುವುದು ಇಲ್ಲಿಂದ ಮುಂದೆ. ಹೊಸ ಡಿಸ್ಕನ್ನು ಎಕ್ಸ್‌ಪಿಯ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಪಾರ್ಟಿಶನ್ (ಭಾಗ) ಮಾಡಬೇಡಿ. ಮಾಡಿದರೆ ಡಿಸ್ಕ್ ಕೆಲಸ ಮಾಡುತ್ತದೆ, ಆದರೆ ಕಾರಣ ಗೊತ್ತಾಗದ ಹಾಗೆ ನಿಧಾನ ಆಗುತ್ತದೆ.

ಕಾರಣ ಹೀಗಿದೆ. ಹಳೆಯ ಡಿಸ್ಕುಗಳ ಸೆಕ್ಟರ್, ಅಂದರೆ ಒಂದು ಸಲಕ್ಕೆ ಓದಿ ಬರೆಯುವ ಅತಿ ಸಣ್ಣ ಚೂರು, 512 ಬೈಟಿನದು. 2011ರಿಂದೀಚೆಗಿನ ಬಹುಪಾಲು ಡಿಸ್ಕುಗಳಲ್ಲಿ ಒಳಗಿನ ಸೆಕ್ಟರ್ 4096 ಬೈಟಿನದು. ಹೊರಗೆ ಮಾತ್ರ 512 ಅಂತ ತೋರಿಸಿಕೊಳ್ಳುತ್ತವೆ. ಅಂದರೆ ಒಂದು ದೊಡ್ಡ ಸೆಕ್ಟರಿನಲ್ಲಿ ಎಂಟು ಸಣ್ಣವು. ಎಕ್ಸ್‌ಪಿ ಮೊದಲ ಪಾರ್ಟಿಶನ್ನನ್ನು 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ. 63 ಎಂಟರಿಂದ ಭಾಗವಾಗುವುದಿಲ್ಲ. ಹಾಗಾಗಿ ಎನ್‌ಟಿಎಫ್‌ಎಸ್‌ನ (ವಿಂಡೋಸ್ ಫೈಲುಗಳನ್ನು ಇಡುವ ಪದ್ಧತಿ) 4 ಕೆಬಿಯ ಪ್ರತಿ ತುಂಡೂ ಎರಡು ದೊಡ್ಡ ಸೆಕ್ಟರುಗಳ ಗಡಿಯ ಮೇಲೆ ಕೂರುತ್ತದೆ. ಅಲ್ಲಿ ಬರೆಯಬೇಕಾದಾಗ ಡಿಸ್ಕ್ ಮೊದಲು ಆ ಎರಡನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. ನಡುವೆ ತಟ್ಟೆ ಒಂದು ಸುತ್ತು ಬರುವ ತನಕ ಕಾಯಬೇಕು. 7200 ಆರ್‌ಪಿಎಂ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಒಂದು ದೊಡ್ಡ ಫೈಲಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಸಾವಿರಾರು ಸಣ್ಣ ಫೈಲುಗಳ ಫೋಲ್ಡರ್ ನಕಲು ಮಾಡುವಾಗ ಗೊತ್ತಾಗುತ್ತದೆ.

ಹಾಗಾಗಿ ಪಾರ್ಟಿಶನ್ ಮಾಡುವ ಜಿಪಾರ್ಟೆಡ್ ಲೈವ್ ಅನ್ನುವ ತಂತ್ರಾಂಶವನ್ನು ಸಿಡಿಗೆ ಬರೆದು, ಅದೇ ಕಂಪ್ಯೂಟರನ್ನು ಆ ಸಿಡಿಯಿಂದ ಬೂಟ್ ಮಾಡಿದೆ. ಡಿಸ್ಕಿನ ಗಾತ್ರ ನೋಡಿ ಹೊಸದೇ ಅಂತ ಖಚಿತ ಮಾಡಿಕೊಂಡು, ಪಾರ್ಟಿಶನ್ ಟೇಬಲ್‌ಗೆ ಎಂಎಸ್‌ಡಾಸ್ (ಎಂಬಿಆರ್‌ಗೆ ಅಲ್ಲಿರುವ ಹೆಸರು) ಆರಿಸಿದೆ. ಅಲೈನ್ ಅನ್ನುವ ಜಾಗದಲ್ಲಿ ಎಂಐಬಿ ಅಂತಲೇ ಇಟ್ಟು, ಎನ್‌ಟಿಎಫ್‌ಎಸ್‌ನ ಎರಡು ಪಾರ್ಟಿಶನ್ ಮಾಡಿದೆ. ಆಗ ಮೊದಲನೆಯದು 2048ನೇ ಸೆಕ್ಟರಿನಿಂದ ಶುರುವಾಗುತ್ತದೆ. ಎರಡೂ ಪ್ರೈಮರಿಯೇ ಇರಲಿ. ಹೀಗೆ ಬೇರೆ ತಂತ್ರಾಂಶದಲ್ಲಿ ಮಾಡಿದ ಲಾಜಿಕಲ್ (ಒಂದು ದೊಡ್ಡ ಪಾರ್ಟಿಶನ್ನಿನ ಒಳಗೆ ಮಾಡುವ) ಪಾರ್ಟಿಶನ್‌ಗಳನ್ನು ಎಕ್ಸ್‌ಪಿಯ ಡಿಸ್ಕ್ ಮ್ಯಾನೇಜ್‌ಮೆಂಟ್ ಕೆಲವೊಮ್ಮೆ ಹಾಳು ಮಾಡುತ್ತದೆ. ಆಮೇಲೆ ಎಕ್ಸ್‌ಪಿಯಲ್ಲಿ ಕಂಪ್ಯೂಟರಿನ ವಿವರ ತೋರಿಸುವ ಎಂಎಸ್‌ಇನ್ಫೋ32 ತೆರೆದು ಡಿಸ್ಕ್ಸ್ ವಿಭಾಗ ನೋಡಿದೆ. ಸ್ಟಾರ್ಟಿಂಗ್ ಆಫ್‌ಸೆಟ್ 10,48,576 ಬೈಟ್ (2048 × 512) ಅಂತಿತ್ತು, ಸರಿಯಾಗಿದೆ. 32,256 ಅಂತ ಕಂಡರೆ ಅದು 63ರಿಂದ ಶುರುವಾದದ್ದು. ಡೇಟಾ ತುಂಬುವ ಮೊದಲೇ ಮತ್ತೆ ಮಾಡಿಕೊಳ್ಳಿ.

ಡಿಟಿಪಿಯವರು ಇನ್ನೊಂದನ್ನು ಗಮನಿಸಬೇಕು. ಪೇಜ್‌ಮೇಕರ್ ಫೈಲಿಗೆ ಲಿಂಕ್ ಮಾಡಿದ ಚಿತ್ರಗಳು ಪೂರ್ತಿ ದಾರಿಯ ಸಮೇತ ನೆನಪಿರುತ್ತವೆ. ಡಿ ಡ್ರೈವ್‌ನಲ್ಲಿದ್ದ ಗಣಪತಿ ಚಿತ್ರ ಎಫ್ ಡ್ರೈವ್‌ಗೆ ಹೋದರೆ, ಫೈಲ್ ತೆರೆದಾಗಲೆಲ್ಲ ‘ಎಲ್ಲಿದೆ?’ ಅಂತ ಕೇಳುತ್ತದೆ. ಅದಕ್ಕೇ ಹಳೆಯ ಡಿಯಲ್ಲಿದ್ದ ಫೋಲ್ಡರುಗಳನ್ನು ಹೆಸರು ಒಂದಿಷ್ಟೂ ಬದಲಿಸದೆ ಹೊಸದಕ್ಕೆ ನಕಲು ಮಾಡಿದೆ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೆಯ ಡಿಯನ್ನು ಝಡ್ ಮಾಡಿ, ಹೊಸದಕ್ಕೆ ಡಿ ಅಂತ ಕೊಟ್ಟೆ. ಅಕ್ಷರ ಬದಲಿಸಲು ಮಾತ್ರ ಅದನ್ನು ಬಳಸಿದ್ದು. ಪೇಜ್‌ಮೇಕರ್‌ಗೆ ಏನೂ ಬದಲಾದ ಹಾಗೆ ಅನ್ನಿಸಲಿಲ್ಲ. ಒಂದು ಹಳೆಯ ಲಗ್ನಪತ್ರಿಕೆ ತೆರೆದೆ, ಗಣಪತಿ, ಬಾಳೆಕಂಬದ ಅಂಚು, ಅಕ್ಷರ ಎಲ್ಲ ಇದ್ದಲ್ಲೇ ಬಂದವು. ಬಹಳ ಸಮಾಧಾನ ಆಯಿತು.

ಸಿ ಡ್ರೈವ್ ಈಗಲೂ 80 ಜಿಬಿಯ ಡಿಸ್ಕಿನಲ್ಲೇ ಇದೆ. ಹೊಸ ಡಿಸ್ಕಿನ ಎರಡನೇ ಪಾರ್ಟಿಶನ್ ಇಟ್ಟುಕೊಂಡದ್ದು ಅದಕ್ಕಾಗಿಯೇ. ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ತಂತ್ರಾಂಶದಿಂದ ಆ ಹಳೆಯ ಡಿಸ್ಕಿನ ಪೂರ್ತಿ ಇಮೇಜ್ (ಯಥಾವತ್ ಪ್ರತಿ) ತೆಗೆದು ಅಲ್ಲಿ ಇಟ್ಟಿದ್ದೇನೆ, ಇನ್ನೊಂದು ಪ್ರತಿ ಮನೆಯ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿದೆ. ಹಳೆಯದು ಕೈಕೊಟ್ಟರೆ ಅಷ್ಟೇ ಗಾತ್ರದ ಅಥವಾ ಅದಕ್ಕಿಂತ ದೊಡ್ಡ ಐಡಿಇ ಡಿಸ್ಕ್ ಹುಡುಕಿ ತಂದು ಆ ಇಮೇಜನ್ನೇ ಇಳಿಸಬಹುದು.