ಬೆಂಗಳೂರಿಗೆ ಬಂದಾಗ ಯಾವ ಸಾಮಾನಿಗೆ ಯಾವ ಬೀದಿ?

ಬೆಂಗಳೂರು ನೋಡಲು ಬಂದವರು ಶಾಪಿಂಗ್‌ಗೆಂದು ಒಂದು ದಿನ ಎತ್ತಿಟ್ಟು, ಕೊನೆಗೆ ಹತ್ತಿರದ ಮಾಲ್ ಹೊಕ್ಕು, ಹುಬ್ಬಳ್ಳಿಯಲ್ಲೂ ಮಂಗಳೂರಿನಲ್ಲೂ ಅದೇ ಬೆಲೆಗೆ ಸಿಗುವ ಶರ್ಟು ಹೊತ್ತು ವಾಪಸಾಗುತ್ತಾರೆ. ಅದಕ್ಕೆ ಇಷ್ಟು ದೂರ ಬರಬೇಕಿರಲಿಲ್ಲ. ಇಲ್ಲಿ ಕೊಳ್ಳಲು ಯೋಗ್ಯವಾದದ್ದು ಬೀದಿಗೊಂದರಂತೆ ಹಂಚಿಹೋಗಿದೆ. ರೇಷ್ಮೆಗೆ ಒಂದು ಬೀದಿ, ವೀಣೆಗೆ ಇನ್ನೊಂದು, ಕಂಪ್ಯೂಟರ್ ಬಿಡಿಭಾಗಕ್ಕೆ ಮತ್ತೊಂದು. ಹಾಗಾಗಿ ಮೊದಲು ಬೇಕಾದ ಸಾಮಾನಿನ ಪಟ್ಟಿ ಬರೆದುಕೊಳ್ಳಿ, ಆಮೇಲೆ ಬೀದಿ ಹುಡುಕಿ. ಬೀದಿಗೆ ಹೋಗಿ ಏನು ಬೇಕೆಂದು ಯೋಚಿಸಲು ಕೂತರೆ ಕಾಲು ನೋಯುವುದೇ ಲಾಭ.

ಊರನ್ನು ಮೂರು ಭಾಗವಾಗಿ ನೆನಪಿಟ್ಟುಕೊಳ್ಳಿ: ಚಿಕ್ಕಪೇಟೆಯ ಸುತ್ತಲಿನ ಹಳೆಯ ಪೇಟೆ, ಎಂ.ಜಿ. ರಸ್ತೆ ಮತ್ತು ಶಿವಾಜಿನಗರದ ಕಡೆಯ ದಂಡು (ಕಂಟೋನ್ಮೆಂಟ್), ಮಲ್ಲೇಶ್ವರ-ಬಸವನಗುಡಿಯಂಥ ಹಳೇ ಬಡಾವಣೆಗಳು. ಒಂದು ದಿನಕ್ಕೆ ಒಂದು ಭಾಗ, ತುಂಬಾ ಗಟ್ಟಿಗರಿದ್ದರೆ ಎರಡು. ಮೂರನ್ನೂ ಒಂದೇ ದಿನ ಮುಗಿಸುತ್ತೇವೆಂದು ಹೊರಟವರ ಅರ್ಧ ದಿನ ಟ್ರಾಫಿಕ್ಕಿನಲ್ಲೇ ಹೋಗುತ್ತದೆ.

ಇದಕ್ಕೆ ಮೆಟ್ರೋ ಹಸಿರು ಮಾರ್ಗ ಹೇಳಿ ಮಾಡಿಸಿದಂತಿದೆ. ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮಲ್ಲೇಶ್ವರಕ್ಕೆ ಇಳಿಯುವ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ಗಾಂಧಿ ಬಜಾರಿಗೆ ನಡೆದುಹೋಗಬಹುದಾದ ನ್ಯಾಷನಲ್ ಕಾಲೇಜು, ಜಯನಗರ ಎಲ್ಲವೂ ಇದೇ ಸಾಲಿನಲ್ಲಿವೆ. ಎಂ.ಜಿ. ರಸ್ತೆಗೆ ಮಾತ್ರ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಪೇಟೆಗೆ ಕಾರು ತರಲೇಬೇಡಿ. ಒಳಗಿನ ಬೀದಿಗಳಲ್ಲಿ ಕೈಗಾಡಿ, ಟೆಂಪೋ, ತಲೆಹೊರೆ ಬಿಟ್ಟು ಬೇರೇನೂ ಸಲೀಸಾಗಿ ಚಲಿಸದು. ಮೆಟ್ರೋದಲ್ಲಿ ದೊಡ್ಡ ಬ್ಯಾಗಿಗೆ ಮಿತಿಯಿದೆ: ಸುಮಾರು 60×45×25 ಸೆಂಟಿಮೀಟರ್, 15 ಕೆ.ಜಿ. ಇದಕ್ಕಿಂತ ದೊಡ್ಡದಾದರೆ ಬೇರೆ ಶುಲ್ಕ ಕೊಡಬೇಕು. ರೈಲು ನಿಲ್ದಾಣದ ಲಗೇಜ್ ಕೋಣೆಯಲ್ಲಿ ಸಾಮಾನು ಬಿಡುವುದಾದರೆ ರೈಲಿನ ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಹಾಕಿರಬೇಕು. ಬೀಗವಿಲ್ಲದ ಕೈಚೀಲ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ: ಪೇಟೆಯಲ್ಲಿ ಶೌಚಾಲಯ ಹುಡುಕುವುದು ಕಷ್ಟ, ಮೆಟ್ರೋ ನಿಲ್ದಾಣದಲ್ಲೇ ಮುಗಿಸಿಕೊಂಡು ಹೊರಡಿ.

ಪೇಟೆ: ರೇಷ್ಮೆಯಿಂದ ಶುರು

ಚಿಕ್ಕಪೇಟೆಯ ಅಂಗಡಿಗಳು ಬಾಗಿಲು ತೆಗೆಯುವುದು ಹತ್ತೂವರೆ-ಹನ್ನೊಂದಕ್ಕೆ. ವಾರದ ನಡುವಿನ ದಿನ ಹನ್ನೊಂದರಿಂದ ಒಂದರವರೆಗೆ ನೆಮ್ಮದಿಯಾಗಿ ನೋಡಬಹುದು. ಬೆಳಗಿನ ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಅಂಗಡಿಯವರಿಗೆ ಮನಸ್ಸು ಬರುವುದಿಲ್ಲ; ಚೌಕಾಸಿಗೆ ಅದೇ ಹೊತ್ತು. ಭಾನುವಾರ ಸಗಟು ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಹೋದರೆ ಸೀರೆ ಬಿಚ್ಚಿ ನೋಡಲೂ ಜಾಗ ಸಿಗದು. ಮದುವೆಗಳಿಲ್ಲದ ಆಷಾಢದಲ್ಲಿ ಜವಳಿ ಅಂಗಡಿಗಳು ಖಾಲಿ ಹೊಡೆಯುತ್ತವೆ, ರಿಯಾಯಿತಿ ಬೋರ್ಡು ಬೀಳುತ್ತದೆ. ಪ್ರವಾಸದ ತಿಂಗಳು ನಿಮ್ಮ ಕೈಯಲ್ಲಿದ್ದರೆ ಆಷಾಢವನ್ನೇ ಆರಿಸಿ.

ಬೀದಿ ತಿರುವಿನಲ್ಲಿ ನಿಂತು ‘ಬನ್ನಿ ಮೇಡಂ, ಹೋಲ್‌ಸೇಲ್ ರೇಟ್, ಮೇಲೆ ಅಂಗಡಿ’ ಎಂದು ಕರೆಯುವವರ ಹಿಂದೆ ಹೋಗಬೇಡಿ. ಅವರು ಅಂಗಡಿಯ ನೌಕರರಲ್ಲ, ಕಮಿಷನ್ ಮೇಲೆ ಗಿರಾಕಿ ತರುವವರು. ಆ ಕಮಿಷನ್ ನಿಮ್ಮ ಸೀರೆಯ ಬೆಲೆಗೇ ಸೇರುತ್ತದೆ. ‘ಅಂಗಡಿ ಗೊತ್ತಿದೆ’ ಎಂದು ನಿಲ್ಲದೆ ನಡೆದುಬಿಡಿ. ಹಾಗೆಂದು ಮೊದಲ ಮಹಡಿಯ ಅಂಗಡಿಗಳೆಲ್ಲ ಮೋಸವೆಂದಲ್ಲ. ಒಳ್ಳೆಯ ಹಳೆಯ ಅಂಗಡಿಗಳು ಎಷ್ಟೋ ಇಕ್ಕಟ್ಟಿನ ಮೆಟ್ಟಿಲು ಹತ್ತಿದ ಮೇಲೇ ಸಿಗುವುದು. ಹೆಸರು ಕೇಳಿಕೊಂಡು ಹೋಗಿ, ಕರೆದವರ ಜೊತೆ ಹೋಗಬೇಡಿ, ಅಷ್ಟೇ.

ಒಳಗೆ ಕೂತ ಮೇಲೆ ಈ ಕ್ರಮ ಬಿಡಬೇಡಿ. ಮೊದಲು ನಿಮ್ಮ ಬಜೆಟ್ಟಿಗಿಂತ ಸ್ವಲ್ಪ ಕಡಿಮೆ ಮೊತ್ತ ಹೇಳಿ. ಅವರು ತೆಗೆಯುವ ಮೊದಲ ಸೀರೆಯೇ ಹೇಳಿದ್ದಕ್ಕಿಂತ ಮೇಲಿರುತ್ತದೆ. ಸೀರೆಯ ಮೇಲೆ ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲದ ಈ ಗುರುತು ನೂಲು ಅಪ್ಪಟ ರೇಷ್ಮೆ ಎಂಬುದನ್ನಷ್ಟೇ ಹೇಳುತ್ತದೆ, ಕೈಮಗ್ಗದ್ದೋ ಪವರ್‌ಲೂಮಿನದೋ ಎಂದಾಗಲಿ, ಜರಿ ಎಂಥದ್ದೆಂದಾಗಲಿ ಹೇಳುವುದಿಲ್ಲ. ಬೆಲೆ ಏರುಪೇರಾಗುವುದೆಲ್ಲ ಈ ಎರಡರಲ್ಲಿ. ಜರಿಯನ್ನು ಬೇರೆಯಾಗಿ ಕೇಳಿ: ಅಪ್ಪಟ ಜರಿ ಎಂದರೆ ಬೆಳ್ಳಿ ತಂತಿಗೆ ಚಿನ್ನದ ಲೇಪ, ‘ಟೆಸ್ಟೆಡ್’ ಎಂದರೆ ತಾಮ್ರದ ತಂತಿ, ಕೆಲವು ವರ್ಷಕ್ಕೆ ಕಪ್ಪಾಗುತ್ತದೆ, ಅದಕ್ಕೂ ಕೆಳಗಿನದು ಹೊಳೆಯುವ ಪಾಲಿಯೆಸ್ಟರ್. ಜರಿ ಎಳೆಯ ತುದಿ ಉಗುರಿನಿಂದ ಕೆರೆದಾಗ ಒಳಗೆ ಕೆಂಪು ರೇಷ್ಮೆ ಕಂಡರೆ ಅಪ್ಪಟ, ಬಿಳಿ ಕಂಡರೆ ಅಲ್ಲ ಎಂಬ ಪರೀಕ್ಷೆ ರೂಢಿಯಲ್ಲಿದೆ. ನೂಲಿಗೆ ಬಣ್ಣ ಹಾಕಿ ಇದನ್ನೂ ದಾಟಿಸುವವರಿದ್ದಾರೆ; ಆದ್ದರಿಂದ ಬಿಲ್ಲಿನಲ್ಲಿ ‘ಅಪ್ಪಟ ರೇಷ್ಮೆ, ಅಪ್ಪಟ ಜರಿ’ ಎಂದು ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಉತ್ತರ ಅಲ್ಲೇ ಸಿಕ್ಕಿತು.

ಸೀರೆಯ ಅಂಚಿನಿಂದ ಎರಡೆಳೆ ಕೀಳಿಸಿ ಸುಡಿಸಿ ನೋಡುವುದೂ ಉಂಟು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಅಂಗಡಿಯ ಹಳದಿ ದೀಪದಡಿ ಬಣ್ಣ ಮೋಸ ಮಾಡುತ್ತದೆ, ಬಾಗಿಲ ಬಳಿ ಹಗಲ ಬೆಳಕಿಗೆ ತಂದು ನೋಡಿ. ಪೂರ್ತಿ ಬಿಚ್ಚಿಸಿ: ಐದೂವರೆ ಮೀಟರ್ ಸೀರೆ, ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚು ರವಿಕೆ ಕಣ ಇರಬೇಕು. ಮಡಿಕೆಯ ಗೆರೆಯ ಮೇಲೆ ನೂಲು ಸವೆದಿದೆಯೇ ನೋಡಿ. ಬಹಳ ದಿನ ಕಪಾಟಿನಲ್ಲಿದ್ದ ಸೀರೆ ಹರಿಯುವುದು ಅಲ್ಲೇ. ಫಾಲ್, ಕುಚ್ಚು ಇಲ್ಲೇ ಆಗಲಿ ಎಂದು ಕೂರಬೇಡಿ. ಅದಕ್ಕೆ ಒಂದೆರಡು ದಿನ ಬೇಕು, ನಿಮ್ಮೂರಿನಲ್ಲೂ ಮಾಡುತ್ತಾರೆ.

ಮೈಸೂರು ಸಿಲ್ಕ್ ಬೇಕಿದ್ದವರಿಗೆ ಚಿಕ್ಕಪೇಟೆ ಅಲ್ಲ. ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿ, ತನ್ನ ಮೈಸೂರಿನ ಕಾರ್ಖಾನೆಯಲ್ಲಿ ನೇಯುವ ಸೀರೆ ಅವರ ಮಳಿಗೆಗಳಲ್ಲೇ ಸಿಗುವುದು. ಕೆಂಪೇಗೌಡ ರಸ್ತೆ, ಎಂ.ಜಿ. ರಸ್ತೆಗಳಲ್ಲಿ ಮಳಿಗೆಗಳಿವೆ. ಪ್ರತಿ ಸೀರೆಗೂ ಹೊಲೊಗ್ರಾಮ್ ಮತ್ತು ಸಂಖ್ಯೆ ಇರುತ್ತದೆ, ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಎಂದು ನಿಗಮವೇ ಹೇಳುತ್ತದೆ. ಬೇರೆ ಕಡೆ ‘ಮೈಸೂರು ಸಿಲ್ಕ್’ ಎಂದು ತೋರಿಸುವ ಕ್ರೇಪ್ ಸೀರೆ ಚೆನ್ನಾಗಿಯೇ ಇರಬಹುದು, ಆದರೆ ಇದಲ್ಲ. ಬೇಡಿಕೆ ಎಷ್ಟಿದೆಯೆಂದರೆ ಹಬ್ಬದ ಹೊತ್ತಿಗೆ ಕಪಾಟು ಬರಿದಾಗಿ ಸರತಿ ನಿಲ್ಲಬೇಕಾಗುತ್ತದೆ. ಬಣ್ಣದ ಹಟ ಹಿಡಿದು ಹೋಗಬೇಡಿ. ಇಳಕಲ್ ಸೀರೆಯೂ ಬೆಂಗಳೂರಿನಲ್ಲಿ ಸಿಗುತ್ತದೆ, ನಿಜ. ಬಾಗಲಕೋಟೆ ಕಡೆಯವರು ಇಲ್ಲಿ ಕೊಂಡರೆ ಊರಿನಲ್ಲಿ ನಗುತ್ತಾರೆ.

ಸೀರೆ ಮುಗಿದ ಮೇಲೆ ಉಳಿದ ಪೇಟೆ. ಅವೆನ್ಯೂ ರಸ್ತೆ ಪುಸ್ತಕ, ಕಾಗದ, ಹಳೆಯ ಪಠ್ಯಪುಸ್ತಕಕ್ಕೆ. ಬಳೇಪೇಟೆಯಲ್ಲಿ ವೀಣೆ, ತಬಲಾ, ಹಾರ್ಮೋನಿಯಂ ಅಂಗಡಿಗಳು. ಕೊಳ್ಳುವವರಿಗೆ ನುಡಿಸಲು ಬರದಿದ್ದರೆ ಬರುವವರನ್ನು ಜೊತೆಗೆ ಕರೆದೊಯ್ಯಿರಿ, ನೋಟದಲ್ಲಿ ಎಲ್ಲ ವೀಣೆಯೂ ಒಂದೇ. ನಗರ್ತಪೇಟೆ ಚಿನ್ನದ ಕೆಲಸದವರ ಜಾಗ. ಚಿನ್ನ ಎಲ್ಲಿ ಕೊಂಡರೂ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22 ಕ್ಯಾರಟ್ಟಿನದಾದರೆ 22ಕೆ916 ಮುದ್ರೆ, ಒಡವೆಯ ಗುರುತು ಸಂಖ್ಯೆಯಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಮೂರೂ ಇರಬೇಕು. 1 ಏಪ್ರಿಲ್ 2023ರಿಂದ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಅಂಗಡಿಯಲ್ಲೇ ತಾಳೆ ನೋಡಿ. ದರವನ್ನು ಗ್ರಾಂ ಲೆಕ್ಕದಲ್ಲಿ ಕೇಳಿದರೆ ಸಾಲದು. ಮಜೂರಿ, ವೇಸ್ಟೇಜ್, ಕಲ್ಲಿನ ತೂಕ ಬೇರೆ ಬೇರೆ ಬರೆಸಿ. ಕಲ್ಲಿನ ತೂಕ ಚಿನ್ನದ ಜೊತೆ ಸೇರಿಹೋಗುವುದೇ ಇಲ್ಲಿ ದೊಡ್ಡ ನಷ್ಟ.

ಎಸ್.ಪಿ. ರಸ್ತೆ ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ಸಾಮಾನಿಗೆ. ‘ಬಿಲ್ಲು ಬೇಕಾ, ಬೇಡವಾ?’ ಎಂದು ಕೇಳಿದರೆ ಅದು ಶೇ. 18 ಜಿಎಸ್‌ಟಿಯ ಪ್ರಶ್ನೆ. ಬಿಲ್ಲಿಲ್ಲದೆ ಉಳಿಸಿದ ಹಣ ವಾರಂಟಿ ಕೇಳಲು ಹೋದ ದಿನ ಕೈಬಿಡುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಅಲ್ಲೇ ಆನ್ ಮಾಡಿಸಿ ನೋಡಿ. ಊರಿಗೆ ಹೋದ ಮೇಲೆ ಬದಲಾಯಿಸಲು ಮತ್ತೆ ಬರಲಾಗದು. ಪೇಟೆಯಲ್ಲಿ ಹಿತ್ತಾಳೆ ಪಾತ್ರೆ, ದೀಪ ತೂಕಕ್ಕೆ ಮಾರುತ್ತಾರೆ. ಜೇಬಿನಲ್ಲೊಂದು ಸಣ್ಣ ಅಯಸ್ಕಾಂತ ಇರಲಿ. ಅಂಟಿದರೆ ಒಳಗೆ ಕಬ್ಬಿಣ.

1921ರ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿಗೆ ಬೆಳಗಿನ ಜಾವವೇ ಹೋಗಬೇಕು. ಎಂಟರ ಮೇಲೆ ಉಳಿದದ್ದನ್ನು ನೋಡುವುದಷ್ಟೇ. ಫೋಟೋಗೆ ಚೆಂದ, ಜೇಬಿನ ಮೇಲೆ ಕಣ್ಣಿರಲಿ.

ದಂಡಿನ ಕಡೆ

ಕರಕುಶಲ ವಸ್ತುಗಳಿಗೆ ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂ. ಇದು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಮಳಿಗೆ, ಬೆಲೆ ನಿಗದಿ, ಚೌಕಾಸಿ ಇಲ್ಲ. ಆಟೋ, ಟ್ಯಾಕ್ಸಿಯವರು ‘ಸರ್ಕಾರಿ ಎಂಪೋರಿಯಂ’ ಎಂದು ಬೇರೆಲ್ಲಿಗೋ ಕರೆದೊಯ್ದರೆ ಒಳಗೆ ಹೋಗುವ ಮುನ್ನ ಬೋರ್ಡ್ ಓದಿ. ಹೆಸರು ಬಹಳ ಹತ್ತಿರದ್ದಾಗಿರುತ್ತದೆ, ಬೆಲೆ ಬಹಳ ದೂರದ್ದು. ಬೇರೆ ಕಡೆ ಕೊಳ್ಳುವವರೂ ಮೊದಲು ಕಾವೇರಿಯಲ್ಲಿ ಬೆಲೆ ನೋಡಿಕೊಂಡರೆ ಒಳ್ಳೆಯ ಅಳತೆಗೋಲು ಸಿಕ್ಕಂತೆ.

ಬಿದರಿ ಕೊಳ್ಳುವಾಗ ಬೆಳ್ಳಿಯ ಕುಸುರಿ ಎಷ್ಟು ಒತ್ತಾಗಿದೆ ನೋಡಿ, ಬೆಲೆ ಅದಕ್ಕೇ. ಒಳಗಿನ ಲೋಹ ಸತು-ತಾಮ್ರದ ಮಿಶ್ರಣ. ವಸ್ತು ಕೈಗೆ ಭಾರ ಎನಿಸಬೇಕು, ಬೆಳ್ಳಿ ಎಳೆ ಲೋಹದೊಳಗೆ ಕೂತಿರಬೇಕು, ಬಣ್ಣ ಬಳಿದಂತೆ ಮೇಲೆ ನಿಂತಿರಬಾರದು. ಮಸುಕಾದರೆ ತುಸು ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿದರೆ ಸಾಕು, ಪಾತ್ರೆ ಪುಡಿ ಮುಟ್ಟಿಸಬೇಡಿ. ಶ್ರೀಗಂಧದ ಕೆತ್ತನೆ ಕೊಂಡರೆ ಬಿಲ್ಲನ್ನು ವಸ್ತುವಿನ ಜೊತೆಯಲ್ಲೇ ಇಡಿ. ಬೀದಿಯಲ್ಲಿ ಅಗ್ಗಕ್ಕೆ ಸಿಗುವ ‘ಗಂಧದ’ ಗಣಪತಿ ಸಾಮಾನ್ಯವಾಗಿ ಬೇರೆ ಮರಕ್ಕೆ ಎಣ್ಣೆ ಸವರಿದ್ದು.

ಕಮರ್ಷಿಯಲ್ ಸ್ಟ್ರೀಟ್ ಎಂ.ಜಿ. ರಸ್ತೆ ನಿಲ್ದಾಣದಿಂದ ಹದಿನೈದು-ಇಪ್ಪತ್ತು ನಿಮಿಷದ ನಡಿಗೆ. ಸಿದ್ಧ ಉಡುಪು, ಚಪ್ಪಲಿ, ಕಿವಿಯೋಲೆ. ಮುಖ್ಯ ಬೀದಿಯ ದೊಡ್ಡ ಅಂಗಡಿಗಳಲ್ಲಿ ಬೆಲೆ ಇಳಿಯದು, ಅಡ್ಡಬೀದಿಗಳಲ್ಲಿ ಇಳಿಯುತ್ತದೆ. ಕೇಳಿದ ಬೆಲೆಯ ಅರ್ಧದಿಂದ ಶುರು ಮಾಡಿ, ಎರಡು ಹೆಜ್ಜೆ ಹೊರಗಿಟ್ಟು ನೋಡಿ. ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್, ಬುಕ್‌ವರ್ಮ್‌ನಂಥ ಅಂಗಡಿಗಳಲ್ಲಿ ಇಂಗ್ಲಿಷ್ ಹಳೆಯ-ಹೊಸ ಪುಸ್ತಕ. ಕನ್ನಡ ಪುಸ್ತಕಕ್ಕೆ ಗಾಂಧಿನಗರದ ಸಪ್ನ ಅಥವಾ ಗಾಂಧಿ ಬಜಾರಿನ ಅಂಕಿತಕ್ಕೆ ಹೋಗಿ.

ಮಲ್ಲೇಶ್ವರ, ಗಾಂಧಿ ಬಜಾರ್

ಇವು ಮನೆಬಳಕೆಯ ಬೀದಿಗಳು, ಸಂಜೆಗೆ ಚೆಂದ. ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಬಳೆ, ಹೂವು, ಪೂಜೆಯ ಸಾಮಾನು. ಗಾಂಧಿ ಬಜಾರಿನಲ್ಲಿ ಅದೆಲ್ಲದರ ಜೊತೆ ಹಪ್ಪಳ, ಸಂಡಿಗೆ, ಸಾರಿನ ಪುಡಿ, ಕುರುಕಲು. ಅಲ್ಲೇ ವಿದ್ಯಾರ್ಥಿ ಭವನದ ದೋಸೆ ತಿನ್ನುವ ಲೆಕ್ಕವಿದ್ದರೆ ಶುಕ್ರವಾರ ಬಿಟ್ಟು ಬನ್ನಿ, ಅಂದು ರಜೆ. ಕಾರ್ತಿಕದ ಕೊನೆಯ ಸೋಮವಾರದ ಆಸುಪಾಸು ಬಂದರೆ ಬಸವನಗುಡಿಯ ಕಡಲೆಕಾಯಿ ಪರಿಷೆ ಸಿಗುತ್ತದೆ. ಕಡಲೆಕಾಯಿ ಸೇರಿನ ಲೆಕ್ಕದಲ್ಲಿ, ಜನ ಲೆಕ್ಕವಿಲ್ಲದೆ.

ಕಾಫಿ ಪುಡಿ ಎರಡೂ ಕಡೆ ಎದುರಿಗೇ ಬೀಸಿ ಕೊಡುತ್ತಾರೆ. ಕೇಳುವಾಗ ಮೂರು ಹೇಳಬೇಕು: ಬೀಜ ಪೀಬೆರಿಯೋ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ) ಪ್ಲಾಂಟೇಶನ್ನೋ (ತೊಳೆದು ಹದಮಾಡಿದ ಅರೇಬಿಕಾ), ಚಿಕೋರಿ ಎಷ್ಟು, ಫಿಲ್ಟರಿಗೆ ಬೀಸಬೇಕೆಂಬುದು. ಏನೂ ಹೇಳದಿದ್ದರೆ ಅಂಗಡಿಯವರ ರೂಢಿಯ ಮಿಶ್ರಣ ಬರುತ್ತದೆ. ಚಿಕೋರಿ ಶೇ. 20 ಇದ್ದರೆ ಹಾಲು ಕಾಫಿಗೆ ಗಟ್ಟಿ ಡಿಕಾಕ್ಷನ್ ಸಿಗುತ್ತದೆ, ಕಾಫಿಯ ರುಚಿಯೂ ಉಳಿಯುತ್ತದೆ. ನಿಯಮದ ಪ್ರಕಾರ ಶೇ. 49ರವರೆಗೂ ಸೇರಿಸಬಹುದಾದ್ದರಿಂದ ಅಗ್ಗದ ಪ್ಯಾಕೆಟ್ ಕೊಳ್ಳುವಾಗ ಮೇಲಿನ ಅಂಕಿ ಓದಿ. ಹೊರಡುವ ದಿನವೇ ಕೊಳ್ಳಿ, ಒಬ್ಬರಿಗೆ ಕಾಲು ಕೆ.ಜಿ.ಗಿಂತ ಹೆಚ್ಚು ಬೇಡ. ಎರಡು ವಾರಕ್ಕೆ ಪರಿಮಳ ಹೋಗುತ್ತದೆ.

ಚನ್ನಪಟ್ಟಣದ ಗೊಂಬೆ ಕಾವೇರಿಯಲ್ಲೂ ಸಿಗುತ್ತದೆ. ಮೈಸೂರಿಗೆ ಹೋಗುವವರಾದರೆ ದಾರಿಯಲ್ಲೇ ಕೊಳ್ಳಬಹುದು. ಆದರೆ 2023ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಹೋಗುತ್ತದೆ, ಸುಮ್ಮನೆ ಅದರಲ್ಲಿ ಕೂತರೆ ಅಂಗಡಿಗಳು ಕಾಣುವುದೇ ಇಲ್ಲ. ಚಾಲಕರಿಗೆ ಮೊದಲೇ ಹಳೆಯ ರಸ್ತೆ ಹಿಡಿಯಲು ಹೇಳಿ. ಹಾಲೆ ಮರದ್ದಾದರೆ ಕೈಗೆ ಹಗುರ, ಅರಗಿನ ಬಣ್ಣ ನುಣುಪಾಗಿ ಮರದೊಳಗೇ ಸೇರಿದಂತಿರುತ್ತದೆ. ಉಗುರಿಗೆ ಬಣ್ಣದ ಚಕ್ಕೆ ಏಳುವಂಥದ್ದನ್ನು ಬಾಯಿಗಿಡುವ ಮಕ್ಕಳಿಗೆ ಕೊಡಬೇಡಿ.

ಬಿಲ್ಲು ಮತ್ತು ಹೊರೆ

‘ಮಾರಿದ ಸಾಮಾನು ವಾಪಸಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚಾಗಿದ್ದರೂ ದೋಷವಿರುವ ಸಾಮಾನನ್ನು ಹಿಂಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ ವಾಪಸು ಕೊಡಲು 30 ದಿನ. ಸಹಾಯವಾಣಿ 1915. ಬಣ್ಣ ಹಿಡಿಸಲಿಲ್ಲ ಎಂಬುದು ದೋಷವಲ್ಲ.

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ದೊಡ್ಡವರಿಗೆ 30 ಕೆ.ಜಿ.ವರೆಗೆ ಲಗೇಜು ಉಚಿತ. ವಿಮಾನದಲ್ಲಿ ಹೋಗುವವರು ಒಣಕೊಬ್ಬರಿ ಕೊಳ್ಳಬೇಡಿ. ಎಣ್ಣೆಯಂಶದಿಂದ ಬೆಂಕಿ ಹಿಡಿಯುವ ವಸ್ತುವೆಂದು ತೆಗೆಸುತ್ತಾರೆ. ಗಂಧದೆಣ್ಣೆ 100 ಮಿ.ಲೀ. ಮೀರಿದ ಸೀಸೆಯಲ್ಲಿದ್ದರೆ ಕೈಚೀಲದಲ್ಲಿ ಬಿಡುವುದಿಲ್ಲ. ಬಿದರಿ ಹೂಜಿಯನ್ನು ಸೀರೆಗಳ ನಡುವೆ ಇಡಬೇಡಿ, ಬೇರೆ ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿ. ಅದರ ಅಂಚಿಗೆ ಜರಿ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವಾಗ ಎಳೆ ಕಿತ್ತುಬರುತ್ತದೆ.