ಕಾರಿಗೆ ಹತ್ತಿಸಿಕೊಳ್ಳುವ ಮೊದಲು, ಕೋರ್ಟಲ್ಲಿ ಒಪ್ಪಿಕೊಳ್ಳುವ ಮೊದಲು

ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಸೋಷಿಯಲ್ ಸೆಕ್ಯುರಿಟಿ, ಲೈಸೆನ್ಸ್, ಬ್ಯಾಂಕ್ ಖಾತೆ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನೆಲ್ಲ ಬೇಗ ಮುಗಿಸಿಕೊಳ್ಳಿ. ನಮ್ಮವರು ಕೂತು ಮಾತಾಡದ ವಿಷಯ ಬೇರೆ ಇದೆ.

ಊರಿಂದ ಫೋನ್ ಬರುತ್ತದೆ. "ನಮ್ಮ ಷಡ್ಡಕನ ತಮ್ಮ ಕೆನಡಾ ಕಡೆಯಿಂದ ಬರ್ತಿದಾನೆ ಕಣೋ. ಗಡಿ ಈಚೆ ನಿಂತಿರ್ತಾನೆ, ಹತ್ತಿಸ್ಕೊಂಡು ಬಾ." ವೀಸಾ ಇದೆಯಾ ಅಂತ ಕೇಳಿದರೆ ಅವರಿಗೆ ಬೇಜಾರು. ಹಾಗಾಗಿ ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಾಗೆ ಹೊರಡುತ್ತೇವೆ. ಫೆಡರಲ್ ಕಾನೂನು ಅದಕ್ಕೂ ಜಾಗ ಬಿಟ್ಟಿಲ್ಲ. ಅಕ್ರಮವಾಗಿ ಬಂದವನು ಎಂದು ಗೊತ್ತಿದ್ದು ಕರೆದೊಯ್ದರೆ ಅಪರಾಧ, ಗೊತ್ತಾಗುವಂತಿದ್ದೂ ಲೆಕ್ಕಿಸದೆ ಕರೆದೊಯ್ದರೂ ಅಪರಾಧವೇ. ಒಂದು ಡಾಲರ್ ಮುಟ್ಟದಿದ್ದರೂ 5 ವರ್ಷದವರೆಗೆ ಜೈಲು, ದುಡ್ಡಿಗಾಗಿ ಮಾಡಿದರೆ 10. ಅದೂ ಕರೆದೊಯ್ದವರ ತಲೆಗೊಂದು ಲೆಕ್ಕ.

ಬರೀ ಡ್ರೈವರ್ ತಾನೇ ಅನ್ನುವವರು ಡಿಂಗುಚಾದ ಕುಟುಂಬವನ್ನು ನೆನಪಿಸಿಕೊಳ್ಳಿ. 2022ರ ಜನವರಿಯಲ್ಲಿ ಗುಜರಾತಿನ ಆ ನಾಲ್ವರು ಅಮೆರಿಕಕ್ಕೆ ನಡೆದು ಗಡಿ ದಾಟಲು ಹೋಗಿ ಕೆನಡಾದ ಮ್ಯಾನಿಟೋಬಾದ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಮಗಳಿಗೆ 11, ಮಗನಿಗೆ 3. ಗಡಿಯ ಈಚೆ ವ್ಯಾನ್ ತಂದು ಕಾಯುತ್ತಿದ್ದವನಿಗೆ ಆರೂವರೆ ವರ್ಷ ಶಿಕ್ಷೆಯಾಯಿತು.

ಆ ಕೇಸು ವಿಚಾರಣೆಗೆ ಹೋಯಿತು. ಆದರೆ ಫೆಡರಲ್ ಕೋರ್ಟುಗಳಲ್ಲಿ ಬಹುಪಾಲು ಜನ ತಪ್ಪೊಪ್ಪಿಕೊಂಡೇ ಮುಗಿಸುತ್ತಾರೆ. ಶಿಕ್ಷೆ ಕಡಿಮೆಯಾಗುತ್ತದೆ, ಸುಳ್ಳಲ್ಲ. ನಮಗೆ ಊರಲ್ಲಿ ಟ್ರಾಫಿಕ್ ಪೊಲೀಸರ ಮುಂದೆ "ತಪ್ಪಾಯ್ತು ಸಾರ್" ಅಂದು ದಂಡ ಕಟ್ಟಿ ಮನೆಗೆ ಬಂದು ಅಭ್ಯಾಸ. ಇಲ್ಲಿ ಜಡ್ಜ್ ಪ್ರಮಾಣ ಮಾಡಿಸಿ ಒಂದೊಂದೇ ಕೇಳುತ್ತಾರೆ. ಯಾರಾದರೂ ಹೆದರಿಸಿದರಾ? ಆಸೆ ತೋರಿಸಿದರಾ? ಜ್ಯೂರಿ ವಿಚಾರಣೆ ಬಿಟ್ಟುಕೊಡುತ್ತಿದ್ದೀರಿ, ಗೊತ್ತಾ? ಪ್ರಜೆ ಅಲ್ಲದಿದ್ದರೆ ದೇಶದಿಂದ ಹೊರಹಾಕಬಹುದು, ಗೊತ್ತಾ? ಅರ್ಥವಾಗದಿದ್ದರೂ ಎಲ್ಲದಕ್ಕೂ ತಲೆಯಾಡಿಸುವುದು ನಮ್ಮ ಮರ್ಯಾದೆಯ ಪದ್ಧತಿ, ಅಲ್ವಾ! ದಯವಿಟ್ಟು ಅಲ್ಲಿ ಬೇಡ. ಕನ್ನಡದ ದುಭಾಷಿ ಬೇಕು ಅಂತ ಕೇಳಿ, ನಾಚಿಕೆ ಬೇಡ.

ಪಡಿಲ್ಲಾ ಎಂಬ ಟ್ರಕ್ ಡ್ರೈವರ್ ಈ ದೇಶದಲ್ಲಿ 40 ವರ್ಷ ಕಾನೂನುಬದ್ಧವಾಗಿದ್ದವನು, ವಿಯೆಟ್ನಾಂ ಯುದ್ಧದಲ್ಲಿ ಸೈನಿಕನಾಗಿದ್ದವನು. ಅವನದು ಗಾಂಜಾ ಸಾಗಾಟದ ಕೇಸು. ಇಷ್ಟು ವರ್ಷ ಇದ್ದೀಯ, ಚಿಂತೆ ಬೇಡ ಅಂದ ವಕೀಲರ ಮಾತು ನಂಬಿ ಒಪ್ಪಿಕೊಂಡ. ಗಡೀಪಾರು ಎದುರಾಯಿತು. ಹೊರಹಾಕುವ ಅಪಾಯವನ್ನು ವಕೀಲರು ಮೊದಲೇ ಹೇಳಲೇಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪು ಕೊಟ್ಟಿದ್ದು ಅವನ ಕೇಸಿನಲ್ಲೇ.

ಜನರನ್ನು ಸಾಗಿಸಿದ ಕೇಸಿನಲ್ಲಿ ಒಪ್ಪಿಕೊಂಡರೆ ಗ್ರೀನ್ ಕಾರ್ಡ್ ಇದ್ದರೂ ಉಳಿಯುವುದು ಬಹಳ ಕಷ್ಟ. ಪೌರತ್ವದ ಬಾಗಿಲೂ ಮುಚ್ಚುತ್ತದೆ. ಮೊದಲ ಸಲದ ಅಪರಾಧವಾಗಿ, ಕರೆತಂದಿದ್ದು ಗಂಡ ಅಥವಾ ಹೆಂಡತಿಯನ್ನೋ, ಮಕ್ಕಳನ್ನೋ, ಅಪ್ಪ ಅಮ್ಮನನ್ನೋ ಆಗಿದ್ದರೆ ಮಾತ್ರ ಸ್ವಲ್ಪ ವಿನಾಯಿತಿ. ಅಣ್ಣನ ಮಗ ನಮಗೆ ಮಗನೇ. ಈ ಕಾನೂನಿಗೆ ಅಲ್ಲ. ಸ್ವಂತ ತಮ್ಮನೂ ಆ ಪಟ್ಟಿಯಲ್ಲಿಲ್ಲ. ಊರಿನ ಸಂಬಂಧ ಉಳಿಸಿಕೊಳ್ಳಲು ಹೋಗಿ ಇಲ್ಲೇ ಹುಟ್ಟಿದ ಮಕ್ಕಳನ್ನು ಬಿಟ್ಟು ವಿಮಾನ ಹತ್ತುವ ಸ್ಥಿತಿ ಯಾರಿಗೂ ಬೇಡ. ಜೊತೆಗೆ ಕರೆದೊಯ್ದರೆ ಆ ಮಕ್ಕಳಿಗೆ ನಮ್ಮೂರೇ ಪರದೇಶ.

ಕ್ರಿಮಿನಲ್ ವಕೀಲರು ಒಳ್ಳೆಯವರೇ ಇರಬಹುದು, ಆದರೂ ಸಹಿ ಹಾಕುವ ಮೊದಲು ತಪ್ಪೊಪ್ಪಿಗೆಯ ಒಪ್ಪಂದವನ್ನು ಇಮಿಗ್ರೇಷನ್ ವಕೀಲರಿಗೂ ತೋರಿಸಿ. ಜಡ್ಜ್ ಒಪ್ಪಿದ ಮೇಲೆ ತಪ್ಪೊಪ್ಪಿಗೆ ಹಿಂತೆಗೆಯಲು ಸರಿಯಾದ ಕಾರಣ ಕೊಡಬೇಕು. ಶಿಕ್ಷೆ ಹೇಳಿದ ಮೇಲೆ ಅದೂ ಇಲ್ಲ, ಮೇಲಿನ ಕೋರ್ಟಿಗೆ ಹೋಗಬೇಕು, ಇಲ್ಲವೇ ಆ ತೀರ್ಪನ್ನೇ ಪ್ರಶ್ನಿಸಿ ಬೇರೆ ಅರ್ಜಿ ಹಾಕಬೇಕು.