ಗಂಗೊಳ್ಳಿ ಅಳಿವೆ ದಾಟೋಕೆ ಬೋಟ್ ಆರಿಸಿದ್ದು ಹೀಗೆ

ಕರಾವಳಿ ಸುತ್ತೋಕೆ ಪವರ್‌ಬೋಟ್ ಅಂದ್ರೆ ಜನ ಮೊದ್ಲು ಕೇಳೋದು ಎಷ್ಟು ಎಚ್‌ಪಿ, ಎಷ್ಟು ಸ್ಪೀಡ್ ಅಂತ. ನಾನು ಎಂಜಿನ್ ನೋಡಿದ್ದು ಕೊನೆಗೆ, ಯಾಕಂದ್ರೆ ಬೋಟ್ ಇಡೋದು ಗಂಗೊಳ್ಳಿಲಿ, ಪಂಚಗಂಗಾವಳಿ ಸಮುದ್ರ ಸೇರೋ ಅಳಿವೆ ದಾಟದೆ ಎಲ್ಲಿಗೂ ಹೋಗೋ ಹಾಗಿಲ್ಲ, ಅಲ್ಲಿ ಮರಳು ದಿಬ್ಬ ಜಾಗ ಬದಲಿಸ್ತಾನೇ ಇರುತ್ತೆ, ಇಳಿತದ ಹೊತ್ತಲ್ಲಿ ಹೊಳೆ ನೀರು ಹೊರಗೆ ನುಗ್ಗುವಾಗ ಎದುರು ಗಾಳಿ ಇದ್ರಂತೂ ತೆರೆ ಒಂದರ ಹಿಂದೊಂದು ಕಡಿದಾಗಿ ಎದ್ದು ನಿಲ್ಲುತ್ತೆ.

ಅದಕ್ಕೇ ಮೊದ್ಲು ತಳ. ಚಪ್ಪಟೆ ತಳದ್ದು ಕಮ್ಮಿ ಪೆಟ್ರೋಲಲ್ಲಿ ಓಡುತ್ತೆ ನಿಜ, ಆದ್ರೆ ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ರೆ ಧಡ್ ಧಡ್ ಅಂತ ಬಿದ್ದು ಸೊಂಟ ಮುರಿಯುತ್ತೆ. ತೀರಾ ಚೂಪು ವಿ ತಳ ತೆರೆ ಸೀಳುತ್ತೆ, ನಿಲ್ಲಿಸಿ ಗಾಳ ಹಾಕ್ತಾ ಕೂತ್ರೆ ಮಾತ್ರ ತೊಟ್ಟಿಲು. ಮುಂದೆ ಚೂಪು, ಹಿಂದೆ ತಳದ ಇಳಿಜಾರು 18 ಡಿಗ್ರಿ ಆಸುಪಾಸು ಇರೋ 22 ಅಡಿ ಫೈಬರ್ ಬೋಟ್ ಸರಿ ಅನ್ನಿಸ್ತು.

ಸೆಕೆಂಡ್ ಹ್ಯಾಂಡ್ ಆದ್ರಿಂದ ಎಂಜಿನ್ ಕೂರೋ ಹಿಂದಿನ ಗೋಡೆ, ಅದೇ ಟ್ರಾನ್ಸಮ್, ಅದನ್ನ ಸ್ಕ್ರೂಡ್ರೈವರ್ ಹಿಡಿಯಿಂದ ಇಂಚಿಂಚೂ ತಟ್ಟಿದೆ. ಟಕ್ ಟಕ್ ಅಂದ್ರೆ ಗಟ್ಟಿ, ಬೊದ್ ಅಂದ್ರೆ ಒಳಗಿನ ಪ್ಲೈವುಡ್ ನೀರು ಕುಡಿದಿದೆ ಅಂತ. ಇದಕ್ಕೂ ಮುಂಚೆ ನೋಡಿದ ಒಂದು ಪಳಪಳ ಬೋಟ್‌ನಲ್ಲಿ ಬೋಲ್ಟ್ ಸುತ್ತ ಅಂಗೈ ಅಗಲ ಬೊದ್ ಅಂತಿತ್ತು, ಅಲ್ಲಿಗೇ ಬಿಟ್ಟು ಬಂದೆ.

ಮಾರೋರು ಬೆಳಿಗ್ಗೆ ಹೊಳೇಲೇ ಓಡಿಸಿ ತೋರಿಸ್ತೀವಿ ಅಂದ್ರು. ಜೊತೆಗಿದ್ದ ಹಿರಿಯ ಮೀನುಗಾರರು "ಹೊಳಿಯೊಳ್ಗೆ ಎಲ್ಲಾ ದೋಣಿಯೂ ಚಂದವೇ ಹೋತ್ತ್ ಮಾರಾಯ್ರೆ, ಅಳ್ವೆ ದಾಟ್ಸಿ ಕಾಣಿ" ಅಂದ್ರು. ಸರಿ ಅಂತ ಮಧ್ಯಾಹ್ನ ಮೂರು ಗಂಟೆ ಮೇಲೆ ನಾಲ್ಕು ಜನ, ಫುಲ್ ಟ್ಯಾಂಕ್ ಸಮೇತ ಹೊರಗೆ ಹೋಗಿ ಗಾಳಿಗೆ ಎದುರು ಓಡಿಸಿದ್ವಿ, ವಾಪಸ್ ಬರ್ತಾ ಹಿಂದಿಂದ ತೆರೆ ತಳ್ಳುವಾಗ ಮೂತಿ ಅಡ್ಡ ತಿರುಗುತ್ತಾ ಅಂತ ನೋಡಿದ್ವಿ. ನನ್ನ ಕೇಳಿದ್ರೆ ಇದೊಂದೇ ನಿಜವಾದ ಟೆಸ್ಟ್.

ಎಂಜಿನ್ ಔಟ್‌ಬೋರ್ಡೇ, ಅಂದ್ರೆ ಟ್ರಾನ್ಸಮ್‌ಗೆ ಹೊರಗಿಂದ ತಗಲಿಸೋದು, ಮರಳು ತಾಗೋ ಹಾಗಿದ್ರೆ ಎತ್ಕೋಬಹುದು, ಬಂದ್ಮೇಲೆ ಸಿಹಿನೀರಲ್ಲಿ ತೊಳೆಯೋದೂ ಸುಲಭ. ಎರಡು 60 ಎಚ್‌ಪಿ ಹಾಕಿದ್ರೆ ಸರ್ವಿಸ್ ಖರ್ಚು ಡಬಲ್, ಅದಕ್ಕೆ ಒಂದು 115 ಫೋರ್‌ಸ್ಟ್ರೋಕ್, ಕೆಟ್ರೆ ತೆವಳ್ಕೊಂಡು ಬರೋಕೆ ಪಕ್ಕದಲ್ಲಿ 9.9ರ ಸಣ್ಣದೊಂದು.

ಮುರ್ಡೇಶ್ವರದ ಹತ್ರದ ನೇತ್ರಾಣಿ ದ್ವೀಪಕ್ಕೆ ಗಂಗೊಳ್ಳಿಯಿಂದ ಸುಮಾರು 30 ನಾಟಿಕಲ್ ಮೈಲಿ, 20 ನಾಟ್‌ನಲ್ಲಿ, ಅಂದ್ರೆ ಗಂಟೆಗೆ 20 ನಾಟಿಕಲ್ ಮೈಲಿ ಸ್ಪೀಡಲ್ಲಿ, ಹೋಗಿಬರೋಕೆ ಮೂರು ಗಂಟೆ, ಗಂಟೆಗೆ 20-22 ಲೀಟರ್ ಅಂದ್ರೂ 65 ಲೀಟರ್ ಬೇಕು. ಟ್ಯಾಂಕಲ್ಲಿರೋ ಪೆಟ್ರೋಲಲ್ಲಿ ಹೋಗೋಕೆ ಮೂರನೇ ಒಂದು ಭಾಗ, ಬರೋಕೆ ಒಂದು, ಉಳಿದದ್ದು ಮುಟ್ಟಬಾರದು, ಅಲ್ಲಿಗೆ ನೂರರ ಹತ್ರ ಆಯ್ತಲ್ಲ. ಬೋಟ್‌ನಲ್ಲಿದ್ದ 80 ಲೀಟರ್ ಟ್ಯಾಂಕ್ ತೆಗೆಸಿ 120ರದ್ದು ಹಾಕಿಸಿದ್ಮೇಲೇನೇ ಪೂರ್ತಿ ದುಡ್ಡು ಕೊಟ್ಟೆ.